ಗಳಿಗೆಯ ಬೆಳಕು, ಋತುವಿನ ಬೆಳಕು: ರುಮಾಲೆ ಚಿತ್ರಗಳ ಪಂಥನಿರ್ಣಯ ಕುರಿತು

ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟ, ರಾಜಕಾರಣಗಳಲ್ಲಿ ದಶಕಗಳನ್ನು ಕಳೆದು, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದದ್ದು, ಬೆಂಗಳೂರಿನ ಹೂಮರಗಳ ಎದುರೇ ಕುಳಿತು ಚಿತ್ರ ಬರೆದದ್ದು ಎಲ್ಲರೂ ಒಪ್ಪಿದ ಸಂಗತಿ. ಅವರನ್ನು ಇಂಪ್ರೆಷನಿಸ್ಟ್ ಎಂದು ಕರೆಯುವ ರೂಢಿಗೆ ಮಾತ್ರ ನನ್ನ ತಕರಾರು.

ಆ ಪಂಥಕ್ಕೆ ಹೆಸರು ಬಂದದ್ದು ಕ್ಲೋದ್ ಮೊನೆಯ ‘ಇಂಪ್ರೆಷನ್, ಸೂರ್ಯೋದಯ’ದಿಂದ. ಲ ಹಾವ್ರ್ ಬಂದರಿನ ಈ ಚಿತ್ರ 1874ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡಾಗ ಲೂಯಿ ಲೆರಾಯ್ ಮಾಡಿದ ಗೇಲಿಯೇ ಹೆಸರಾಗಿ ನಿಂತಿತು. 1878ರ ಹರಾಜಿನಲ್ಲಿ ಇದೇ ಚಿತ್ರ ಸೂರ್ಯಾಸ್ತವೆಂದು ಮಾರಾಟವಾಯಿತು! ಖಭೌತವಿಜ್ಞಾನಿ ಡೊನಾಲ್ಡ್ ಓಲ್ಸನ್ ಸೂರ್ಯನ ಎತ್ತರ, ಸಮುದ್ರದ ಭರತ, ಹೊಗೆ ವಾಲಿದ ದಿಕ್ಕು ಇವುಗಳನ್ನು ಲೆಕ್ಕಹಾಕಿ, ಇದು 1872ರ ನವೆಂಬರ್ 13ರ ಬೆಳಗಿನ ಸುಮಾರು 7:35ರ ನೋಟವಾಗಿರುವ ಸಂಭವವೇ ಹೆಚ್ಚೆಂದು 2014ರಲ್ಲಿ ತೋರಿಸಿದರು.

ನನ್ನ ವಾದಕ್ಕೆ ಇದೇ ಆಧಾರ. ಮೊನೆಯ ಕಡಲಿಗೆ ಗಡಿಯಾರದ ಸಮಯ ಹೇಳಬಹುದು. ರುಮಾಲೆಯವರ ಮರಕ್ಕೆ ಹೇಳಬಹುದಾದದ್ದು ತಿಂಗಳನ್ನಷ್ಟೆ. ಗುಲ್‌ಮೊಹರ್ ಕೆಂಪೇರಿದ್ದರೆ ಏಪ್ರಿಲ್, ಮೇ. ಮೊನೆಯ ಕಿತ್ತಳೆ ಸೂರ್ಯನಿಗೂ ಸುತ್ತಲಿನ ಬೂದು ಆಕಾಶಕ್ಕೂ ಪ್ರಕಾಶ ಹೆಚ್ಚುಕಡಿಮೆ ಒಂದೇ. ಕಪ್ಪುಬಿಳುಪು ಮುದ್ರಣದಲ್ಲಿ ಸೂರ್ಯ ಬಹುಪಾಲು ಮಾಯ. ದೇವಿಕೊಪ್ಪದ ಕಾಡಂಚಿನಲ್ಲಿ, ಬೆಳಗಿನ ಮಂಜಿನೊಳಗೆ ಹೂಬಿಟ್ಟ ಮುತ್ತಲ ಗಿಡ ಕಂಡವರಿಗೆ ಈ ಮಾತು ಬೇಗ ತಿಳಿದೀತು: ಮೊದಲು ಕಾಣುವುದು ಬಣ್ಣ, ಗಿಡ ಆಮೇಲೆ. ರುಮಾಲೆಯವರಲ್ಲಿ ಮರ ಮರವಾಗಿಯೇ ಉಳಿಯುತ್ತದೆ. ಬೆಳಕು ಅದನ್ನು ಕರಗಿಸುವುದಿಲ್ಲ.

ಮೊನೆಯೂ 1890–91ರ ಬಣವೆಗಳ ಸರಣಿಯಲ್ಲಿ ಋತುಗಳನ್ನೇ ಬರೆದನಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಅಲ್ಲಿ ಬಣವೆ ನೆಪ, ಬದಲಾಗುವುದು ಬೆಳಕು. ರುಮಾಲೆಯವರಲ್ಲಿ ಋತು ಬದಲಾದದ್ದನ್ನು ಹೂವೇ ಹೇಳುತ್ತದೆ. ಹಾಗೆಂದು ಅವರನ್ನು ‘ಕರ್ನಾಟಕದ ವ್ಯಾನ್ ಗೋ’ ಎಂದುಬಿಡುವುದೂ ಅವಸರದ ತೀರ್ಮಾನ. ನನ್ನ ಮಾತು ಮುಖ್ಯವಾಗಿ ತೈಲವರ್ಣಗಳಿಗೆ ಸಂಬಂಧಿಸಿದ್ದು. ಜಲವರ್ಣದಲ್ಲಿ ಬಣ್ಣ ಒಣಗುವ ಆತುರವೇ ಕಲಾವಿದನನ್ನು ಗಳಿಗೆಗೆ ಕಟ್ಟಿಹಾಕುತ್ತದೆ. ಅಲ್ಲಿ ಈ ವಾದ ಸಡಿಲಾಗಬಹುದು.

ರುಮಾಲೆಯವರ ಚಿತ್ರ ಯಾರ ಮನೆಯಲ್ಲಾದರೂ ಇದ್ದರೆ, ಅದರ ಹಿಂಬದಿಯಲ್ಲಿ ತಾರೀಕಿನ ಜೊತೆ ಹೊತ್ತೂ ನಮೂದಾಗಿದ್ದರೆ, ದಯವಿಟ್ಟು ತಿಳಿಸಬೇಕು. ಅಂಥ ಹತ್ತು ಚಿತ್ರಗಳು ಸಿಕ್ಕರೂ ಈ ಲೇಖನವನ್ನು ತಿದ್ದಬೇಕಾಗುತ್ತದೆ.