ಸೋಮವಾರದ ಒಲೆ

ನಮ್ಮ ಊರು ದುದ್ದ. ಊರಿನ ಹೆಸರಿನಲ್ಲಿರುವುದು ಊರಿನವರ ಕೈಯಲ್ಲಿಲ್ಲ ಎಂದು ನಮ್ಮ ತಂದೆಯವರು ಹಾಸ್ಯ ಮಾಡುತ್ತಿದ್ದರು. ದುಡ್ಡು ಎಂಬುದು ಒಂದು ಕಾಲಕ್ಕೆ ಮೈಸೂರು ಸೀಮೆಯಲ್ಲಿ ಚಲಾವಣೆಯಲ್ಲಿದ್ದ ತಾಮ್ರದ ಸಣ್ಣ ನಾಣ್ಯದ ಹೆಸರು. ಅಷ್ಟು ಸಣ್ಣ ನಾಣ್ಯವನ್ನೂ ಎರಡು ಸಲ ತಿರುಗಿಸಿ ನೋಡಿ ಕೊಡುವ ಜನ ನಮ್ಮವರು. ಹಾಸನ ತಾಲ್ಲೂಕಿನ ಈ ಹೋಬಳಿಯಲ್ಲಿ ಮಳೆ ಬಂದರೆ ರಾಗಿ, ಹುರುಳಿ, ಅವರೆ, ಆಲೂಗೆಡ್ಡೆ. ಬಾರದಿದ್ದರೆ ಆಕಾಶ ನೋಡುವ ಕೆಲಸ. ಇಂಥ ಊರಿಗೆ ಯಾರಾದರೂ ಬಂದು, ‘ಅಯ್ಯಾ, ಸ್ವಲ್ಪ ಕಾಲ ಖರ್ಚು ಕಡಿಮೆ ಮಾಡಿರಿ’ ಎಂದರೆ ಜನ ನಕ್ಕಾರು. ಆದರೆ 1965ರಲ್ಲಿ ಒಬ್ಬರು ಹಾಗೆ ಹೇಳಿದರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಈ ಹಳೆಯ ಸಂಗತಿಯನ್ನು ಈಗ ಎತ್ತಲು ಕಾರಣ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮೊಮ್ಮಗಳು. ತಾನೂ ಜೊತೆಯ ಹುಡುಗಿಯರೂ ಸೇರಿ ಒಂದು ತಿಂಗಳ ಕಾಲ ಅನಗತ್ಯವಾದ ಯಾವ ಖರ್ಚನ್ನೂ ಮಾಡುವುದಿಲ್ಲವೆಂದು ಪಣ ತೊಟ್ಟಿರುವುದಾಗಿಯೂ, ಮನೆಯ ಬಾಡಿಗೆ, ಊಟ, ಬಸ್ಸಿನ ಹಣ ಬಿಟ್ಟು ಉಳಿದುದಕ್ಕೆಲ್ಲ ಬೀಗ ಹಾಕಿರುವುದಾಗಿಯೂ ಫೋನಿನಲ್ಲಿ ಹೇಳಿದಳು. ಲೋಕದಲ್ಲಿ ಯಾರೂ ಮಾಡದ ಸಾಹಸವೆಂಬಂತಿತ್ತು ಅವಳ ದನಿ. ಅವಳ ಉತ್ಸಾಹಕ್ಕೆ ತಣ್ಣೀರೆರಚುವ ಮನಸ್ಸು ನನಗಿರಲಿಲ್ಲ. ಫೋನು ಇಟ್ಟಮೇಲೆ ಅಟ್ಟದ ಪೆಟ್ಟಿಗೆಯಿಂದ ತಂದೆಯವರ 1965ನೆಯ ಇಸವಿಯ ಲೆಕ್ಕದ ಪುಸ್ತಕವನ್ನು ಇಳಿಸಿಕೊಂಡು ಕುಳಿತೆ. ಅವರು ಉಪಾಧ್ಯಾಯರು. ಕಾಫಿಬೀಜದಿಂದ ಹಿಡಿದು ಕ್ಷೌರದವನಿಗೆ ಕೊಟ್ಟದ್ದರವರೆಗೆ ಎಲ್ಲವನ್ನೂ ಬರೆದಿಡುವುದು ಅವರ ಪದ್ಧತಿ.

1965 ನಮ್ಮ ದೇಶಕ್ಕೆ ಕಠಿಣವಾದ ವರ್ಷ. ಏಪ್ರಿಲಿನಲ್ಲಿ ಕಛ್ ರಣದಲ್ಲಿ ಪಾಕಿಸ್ತಾನದೊಡನೆ ಘರ್ಷಣೆಯಾಯಿತು. ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಹೊತ್ತಿದ ಬೆಂಕಿ ಸೆಪ್ಟೆಂಬರಿನ ಹೊತ್ತಿಗೆ ಪೂರ್ಣ ಯುದ್ಧವಾಯಿತು. ಸೆಪ್ಟೆಂಬರ್ 23ರಂದು ಗುಂಡು ನಿಂತಿತೇನೋ ನಿಜ. ಆದರೆ ಅಷ್ಟರಲ್ಲಿ ಮುಂಗಾರು ಕೈಕೊಟ್ಟಾಗಿತ್ತು. 1964-65ರಲ್ಲಿ ದೇಶದಲ್ಲಿ ಬೆಳೆದ ಆಹಾರಧಾನ್ಯ ಸುಮಾರು 8 ಕೋಟಿ 90 ಲಕ್ಷ ಟನ್ನು. ಮರುವರ್ಷ ಅದು ಸುಮಾರು 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. ಐದು ಮೂಟೆಯಲ್ಲಿ ಹೆಚ್ಚುಕಡಿಮೆ ಒಂದು ಮೂಟೆ ಇಲ್ಲವಾಯಿತೆಂದು ಅರ್ಥ. ಕೊರತೆಗೆ ಅಮೆರಿಕದ ಗೋಧಿಯೇ ಗತಿ. ಅಲ್ಲಿನ ಅಧ್ಯಕ್ಷ ಜಾನ್ಸನ್ನರು ನಮ್ಮ ನಡೆನುಡಿಗಳನ್ನು ನೋಡಿಕೊಂಡು, ಹಡಗುಗಳನ್ನು ಸ್ವಲ್ಪಸ್ವಲ್ಪವಾಗಿ, ಅಳೆದು ಸುರಿದು ಕಳುಹಿಸತೊಡಗಿದರು. ಸಾಲ ಕೊಡುವ ಸಾಹುಕಾರನ ಜಗಲಿಯ ಮೇಲೆ ಕುಳಿತವನ ಮುಖ ಹೇಗಿರುತ್ತದೆಂಬುದನ್ನು ರೈತಾಪಿ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಪ್ರಧಾನಮಂತ್ರಿಗಳಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಗಳು ಜನರ ಮುಂದೆ ಒಂದು ಬೇಡಿಕೆಯಿಟ್ಟರು. ವಾರಕ್ಕೊಂದು ಹೊತ್ತು, ಸೋಮವಾರದ ರಾತ್ರಿಯ ಊಟವನ್ನು ಬಿಡಿ. ಇಷ್ಟೇ. ಹೇಳುವ ಮುನ್ನ ತಮ್ಮ ಮನೆಯಲ್ಲಿಯೇ ಒಂದು ಸಂಜೆ ಅಡಿಗೆ ಮಾಡಬೇಡವೆಂದು ಹೇಳಿ, ಮಕ್ಕಳು ತಡೆದುಕೊಳ್ಳುವರೇ ಎಂದು ನೋಡಿದರಂತೆ. ಅವರ ಮನೆಯವರೇ ಮುಂದೆ ಈ ಮಾತನ್ನು ಹೇಳಿದ್ದಾರೆ. ಎಷ್ಟೋ ಪಟ್ಟಣಗಳಲ್ಲಿ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ಇಂಥದು ಲೋಕದಲ್ಲಿ ಮೊದಲನೆಯದೇನಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಅಮೆರಿಕದ ಆಹಾರಾಡಳಿತವನ್ನು ವಹಿಸಿಕೊಂಡಿದ್ದ ಹೂವರ್ ಸಾಹೇಬರು ವಾರದಲ್ಲಿ ಒಂದು ದಿನ ಮಾಂಸವಿಲ್ಲದೆ, ಒಂದು ದಿನ ಗೋಧಿಯಿಲ್ಲದೆ ಕಳೆಯಿರೆಂದು ಅಲ್ಲಿನ ಗೃಹಿಣಿಯರನ್ನು ಕೇಳಿದ್ದರು. ಅವರು ಕೇಳಿದ್ದು ಒಂದು ಬಗೆಯ ಆಹಾರವನ್ನು ಬಿಟ್ಟು ಇನ್ನೊಂದನ್ನು ತಿನ್ನಿರೆಂದು. ಶಾಸ್ತ್ರಿಗಳಿಗೆ ಹಾಗೆ ಹೇಳುವ ಸೌಕರ್ಯವಿರಲಿಲ್ಲ. ಬದಲಿಗೆ ತಿನ್ನಲು ಇನ್ನೊಂದು ಇರಬೇಕಲ್ಲ!

ಸೋಮವಾರವೆಂದು ಗೊತ್ತುಮಾಡಿದ್ದು ನಮ್ಮ ಸೀಮೆಗೆ ಚೆನ್ನಾಗಿ ಹೊಂದಿಕೊಂಡಿತು. ಅದು ಈಶ್ವರನ ವಾರ. ನಮ್ಮ ಕಡೆ ಆ ದಿನ ಬಸವನಿಗೆ ಬಿಡುವೆಂದು ಎತ್ತಿನ ಕೊರಳಿಗೆ ನೊಗ ಇಡುತ್ತಿರಲಿಲ್ಲ. ಅದರ ಮೇಲೆ ಆ ವರ್ಷದ ದೀಪಾವಳಿ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬಂದು, ಬೆನ್ನಿಗೇ ಕಾರ್ತಿಕ ಸೋಮವಾರಗಳು ಬಂದವು. ಆ ದಿನಗಳಲ್ಲಿ ಹೇಗೂ ಒಪ್ಪತ್ತು ಮಾಡುವ ಹೆಂಗಸರು ಮನೆಮನೆಯಲ್ಲಿಯೂ ಇದ್ದರು. ನಮ್ಮ ಅಜ್ಜಿಯಂತೂ, ‘ಡೆಲ್ಲಿಯಲ್ಲಿರೋರಿಗೆ ಈಗ ಗೊತ್ತಾಯಿತೇನೋ, ನಾನು ನಲವತ್ತು ವರ್ಷದಿಂದ ಮಾಡ್ತಿದೀನಿ’ ಎಂದಳು.

ಅವಳ ಮಾತಿನಲ್ಲಿ ಹಾಸ್ಯವಷ್ಟೇ ಇರಲಿಲ್ಲ. ತನ್ನ ಅಜ್ಜಿಯಿಂದ ಕೇಳಿದ ಧಾತು-ಈಶ್ವರ ಸಂವತ್ಸರಗಳ ಬರದ ಕಥೆ ಅವಳ ನಾಲಗೆಯ ತುದಿಯಲ್ಲಿತ್ತು. 1876ರಿಂದ 78ರವರೆಗಿನ ಆ ಬರ ಮೈಸೂರು ಸಂಸ್ಥಾನವನ್ನು ಎಷ್ಟು ತಿಂದಿತೆಂಬುದು ಖಾನೇಷುಮಾರಿಯಲ್ಲಿಯೇ ಇದೆ. 1871ರಲ್ಲಿ 50 ಲಕ್ಷದ ಮೇಲಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿದ್ದರು. ಹಸಿವೆಯೇ ಬೇರೆ, ಉಪವಾಸವೇ ಬೇರೆ ಎಂಬುದನ್ನು ಅಜ್ಜಿ ಚೆನ್ನಾಗಿ ತಿಳಿದಿದ್ದಳು. ಉಪವಾಸಕ್ಕೆ ಮನೆಯಲ್ಲಿ ರಾಗಿ ಇರಬೇಕು.

ಇನ್ನು ಲೆಕ್ಕದ ಪುಸ್ತಕದ ಮಾತು. ನವೆಂಬರ್ ತಿಂಗಳ ಪುಟದ ತಲೆಯಲ್ಲಿ ತಂದೆಯವರು ದಪ್ಪಕ್ಷರದಲ್ಲಿ ‘ದೇಶದ ಪರಿಸ್ಥಿತಿಯನ್ನನುಸರಿಸಿ ಅನಗತ್ಯ ವೆಚ್ಚಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ’ ಎಂದು ಬರೆದಿದ್ದಾರೆ. ಕೆಳಗೆ ನಿಲ್ಲಿಸಿದವುಗಳ ಪಟ್ಟಿ: ಹೂವು, ಮಕ್ಕಳಿಗೆ ಕಡಲೆಪುರಿ, ತಂಗಿಯ ಜಡೆಗೆ ಟೇಪು, ಮಧ್ಯಾಹ್ನದ ಎರಡನೆಯ ಕಾಫಿ, ಹಾಸನಕ್ಕೆ ಹೋಗಿ ನೋಡುವ ಸಿನಿಮಾ, ಅಮ್ಮ ತವರಿಗೆ ಹೋಗಿಬರುವ ಬಸ್ಸಿನ ಹಣ. ಈ ಪಟ್ಟಿಯನ್ನು ಹತ್ತು ವರ್ಷದ ಹುಡುಗನಾಗಿ ಕಂಡಾಗ ನನಗೆ ದುಃಖವಾದದ್ದು ಕಡಲೆಪುರಿಗೆ ಮಾತ್ರ. ಈಗ ಕನ್ನಡಕ ಹಾಕಿಕೊಂಡು ಓದಿದಾಗ ಕಾಣುವುದೇ ಬೇರೆ. ತಂದೆಯವರ ನಶ್ಯ ಪಟ್ಟಿಯಲ್ಲಿಲ್ಲ. ಅದು ಅಗತ್ಯ ವೆಚ್ಚವೆಂದು ವಾರವಾರವೂ ನಡೆದುಕೊಂಡು ಹೋಗಿದೆ. ಸಿನಿಮಾ ಒಂದನ್ನು ಬಿಟ್ಟರೆ ಅವರು ತಮ್ಮದೆಂದು ಕಳೆದುಕೊಂಡದ್ದು ಇಲ್ಲ. ಅದನ್ನೂ ವರ್ಷಕ್ಕೆರಡು ಸಲ ನೋಡುತ್ತಿದ್ದರೋ ಇಲ್ಲವೋ. ಉಳಿದುದೆಲ್ಲ ಹೆಂಗಸರದು, ಮಕ್ಕಳದು.

ಅವರು ಕಪಟಿಗಳಾಗಿದ್ದರೆಂದು ವಾಚಕರು ತಿಳಿಯಬಾರದು. ಸೋಮವಾರದ ರಾತ್ರಿ ಹನಿ ಮಜ್ಜಿಗೆಯನ್ನೂ ಮುಟ್ಟದೆ, ಬರಿಯ ನೀರು ಕುಡಿದು ಮಲಗುತ್ತಿದ್ದರು. ಯಾವುದು ಅನಗತ್ಯವೆಂದು ತೀರ್ಮಾನಿಸುವವನು ಲೆಕ್ಕ ಬರೆಯುವವನು. ಅವನ ಕಣ್ಣಿಗೆ ಅವನ ಜೇಬು ಬೀಳುವುದಿಲ್ಲ. ಅಷ್ಟೇ. 1962ರಲ್ಲಿ ಚೀನೀಯರು ಗಡಿ ದಾಟಿದಾಗ ಅಮ್ಮ ತನ್ನ ಒಂದು ಜೊತೆ ಓಲೆಯನ್ನು ಬಿಚ್ಚಿ ರಾಷ್ಟ್ರರಕ್ಷಣಾ ನಿಧಿಗೆ ಕೊಟ್ಟಿದ್ದಳು. ಆ ವರ್ಷದ ಪುಸ್ತಕದಲ್ಲಿ ಅದು ‘ನನ್ನಿಂದ ಸಂದಾಯವಾದದ್ದು’ ಎಂದು ಬರೆಯಲ್ಪಟ್ಟಿದೆ. ಮರುವರ್ಷ ಜನವರಿಯಲ್ಲಿ ಮುರಾರ್ಜಿ ದೇಸಾಯಿಯವರ ಚಿನ್ನದ ನಿಯಂತ್ರಣ ಬಂದು, ಹೊಸ ಒಡವೆ 14 ಕ್ಯಾರಟ್ಟಿಗೆ ಮೀರಕೂಡದೆಂದಾದಮೇಲೆ, ಅಮ್ಮನ ಕಿವಿಗೆ ಹಿಂದಿನ ಓಲೆ ಮತ್ತೆ ಬರಲೇ ಇಲ್ಲ. ಅವಳು ಅದನ್ನು ಕುರಿತು ಆಡಿದ್ದನ್ನು ನಾನು ಕೇಳಿಲ್ಲ.

ಪುಸ್ತಕದಲ್ಲಿಲ್ಲದ ಒಂದು ಬಾಬು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯ ಕಸಮುಸುರೆಗೆ ಒಬ್ಬ ಹೆಂಗಸು ಬರುತ್ತಿದ್ದಳು. ರಾತ್ರಿ ಪಾತ್ರೆ ತೊಳೆದು ಹೋಗುವಾಗ ಮಿಕ್ಕ ಒಂದು ಮುದ್ದೆ, ಸ್ವಲ್ಪ ಸಾರು ಅವಳ ಬೋಗುಣಿಗೆ ಬೀಳುವುದು ವಾಡಿಕೆ. ಅವಳ ಎರಡು ಮಕ್ಕಳ ರಾತ್ರಿಯ ಊಟ ಅದೇ. ಮೊದಲ ಸೋಮವಾರ ಸಂಜೆ ಅವಳು ಎಂದಿನಂತೆ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಒಲೆ ಹಚ್ಚಿರಲಿಲ್ಲ, ತೊಳೆಯಲು ಪಾತ್ರೆಯಿಲ್ಲ, ಮಿಗಲು ಮುದ್ದೆಯಿಲ್ಲ. ‘ಇವತ್ತು ಏನೂ ಇಲ್ಲಮ್ಮ, ಹೋಗು’ ಎಂದು ಅಮ್ಮ ಹೇಳಿದಳು. ಅವಳು ಮಾತಾಡದೆ ಹೊರಟುಹೋದಳು. ಜಗಲಿಯಲ್ಲಿ ತಂದೆಯವರು ನೆರೆಯವರೊಡನೆ ಶಾಸ್ತ್ರಿಗಳ ಸರಳತೆಯನ್ನು ಕುರಿತು ಮಾತಾಡುತ್ತಿದ್ದರು.

ಅಜ್ಜಿ ಒಳಗಿನಿಂದ ಬಂದು, ಹೊಸಿಲಲ್ಲಿ ನಿಂತು, ನೆರೆಯವರು ಇದ್ದಾರೆಂದೂ ನೋಡದೆ ಕೇಳಿದಳು: ‘ಏನಪ್ಪಾ, ಪುಣ್ಯ ನಮಗೆ, ಉಪವಾಸ ಅವಳಿಗೋ?’

ತಂದೆಯವರಿಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಒಂದು ಪಾವು ರಾಗಿಹಿಟ್ಟನ್ನು ಮೊರಕ್ಕೆ ಅಳೆದು, ಒಂದು ಹಿಡಿ ಹುರುಳಿಯನ್ನು ಮೇಲೆ ಹಾಕಿ, ನನ್ನ ಕೈಯಲ್ಲಿ ಕೊಟ್ಟು ಕಳುಹಿಸಿದಳು. ಕತ್ತಲೆಯಲ್ಲಿ ನಾನು ಹೋದಾಗ ಆ ಗುಡಿಸಲಲ್ಲಿಯೂ ಒಲೆ ಹೊತ್ತಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಅವಳು ಹೊತ್ತಿಗೆ ಮುಂಚೆಯೇ ಬಂದು ಹಿಟ್ಟು ತೆಗೆದುಕೊಂಡು ಹೋಗುತ್ತಿದ್ದಳು. ಈ ಹಿಟ್ಟು ಲೆಕ್ಕಕ್ಕೆ ಸೇರಲಿಲ್ಲ. ಅಜ್ಜಿಯ ಪಾಲಿನ ರಾಗಿ ಅದು. ಅವಳು ಅದನ್ನು ಎಲ್ಲಿಂದ ಮುರಿದುಕೊಂಡಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ಪಟ್ಟಿಯ ಮೊದಲಲ್ಲಿಯೇ ಇದ್ದದ್ದು ಅಡಿಗೆಯಾಕೆ ಎಂದಳು. ‘ಒಂದು ತಿಂಗಳು ಬರಬೇಡಿ ಎಂದಿದ್ದೀವಿ, ತಾತ.’ ನಾನೂ ಏನೂ ಹೇಳಲಿಲ್ಲ.

ದೇಶದ ಲೆಕ್ಕದಲ್ಲಿ ಈ ಸೋಮವಾರಗಳಿಂದ ಎಷ್ಟು ಉಳಿಯಿತೆಂದು ಕೇಳುವವರಿಗೆ ಸಣ್ಣ ಗುಣಾಕಾರ ಸಾಕು. ದಿನಕ್ಕೆರಡು ಊಟದಂತೆ ವಾರಕ್ಕೆ ಹದಿನಾಲ್ಕು. ಅದರಲ್ಲೊಂದು ಬಿಟ್ಟರೆ ನೂರಕ್ಕೆ ಏಳು. ಕೂಲಿಯವನ ರಾತ್ರಿಯ ಊಟ ಸೋಮವಾರವೇ ಆಗಬೇಕೆಂದಿಲ್ಲ, ಬೇರೆ ವಾರಗಳಲ್ಲಿಯೂ ತಪ್ಪುತ್ತಿತ್ತು, ಅದನ್ನು ಎಣಿಸುವಂತಿಲ್ಲ. ತಪ್ಪದೆ ಎರಡು ಹೊತ್ತು ಉಣ್ಣುವವರೆಂದು ಪಟ್ಟಣಿಗರನ್ನೇ ತೆಗೆದುಕೊಂಡರೆ, 1961ರ ಗಣತಿಯ ಪ್ರಕಾರ ಅವರು ನೂರಕ್ಕೆ 18 ಮಂದಿ. ಅವರೆಲ್ಲರೂ ಒಬ್ಬರನ್ನೂ ಬಿಡದೆ ವ್ರತ ಹಿಡಿದಿದ್ದರೂ ಉಳಿಯುವುದು ದೇಶದ ಧಾನ್ಯದಲ್ಲಿ ನೂರಕ್ಕೆ ಒಂದೂಕಾಲು. ಕೊರತೆಯಿದ್ದದ್ದು ನೂರಕ್ಕೆ ಹತ್ತೊಂಬತ್ತು. 1966ರಲ್ಲಿ ಸುಮಾರು 1 ಕೋಟಿ ಟನ್ನು ಧಾನ್ಯ ಹೊರದೇಶಗಳಿಂದ ಬಂದೇ ಬಂತು. ಅದೇ ವರ್ಷ ಆಹಾರ ಮಂತ್ರಿ ಸುಬ್ರಹ್ಮಣ್ಯಂ ಅವರು ಮೆಕ್ಸಿಕೋ ದೇಶದಿಂದ 18,000 ಟನ್ನು ಗೋಧಿಬೀಜ ತರಿಸಿದರು. ಮುಂದೆ ಹೊಟ್ಟೆ ತುಂಬಿಸಿದ್ದು ಆ ಬೀಜ, ನೀರು, ಗೊಬ್ಬರ, ನಮ್ಮ ಉಪವಾಸವಲ್ಲ.

ಹಾಗಾದರೆ ಅದೆಲ್ಲ ವ್ಯರ್ಥವೇ ಎಂದರೆ, ಹೌದೆನ್ನಲು ನನಗೆ ಮನಸ್ಸು ಬಾರದು. ಎಂದೂ ಒಂದು ಹೊತ್ತು ತಪ್ಪಿಸದ ಮನೆಯ ಹುಡುಗನಿಗೆ ಕತ್ತಲಾದಮೇಲೆ ಹೊಟ್ಟೆ ಹೇಗೆ ಉರಿಯುತ್ತದೆಂಬುದು ಆಗ ತಿಳಿಯಿತು. ಮೊರ ಹಿಡಿದು ಆ ಗುಡಿಸಲಿಗೆ ಹೋಗುವಾಗ ನಾನೂ ಹಸಿದಿದ್ದೆ. ಹಸಿಯದೆ ಹೋಗಿದ್ದರೆ ಆ ಆರಿದ ಒಲೆ ನನ್ನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

1966ರ ಜನವರಿ 10 ಸೋಮವಾರ. ಆ ದಿನವೇ ತಾಷ್ಕೆಂಟಿನಲ್ಲಿ ಶಾಸ್ತ್ರಿಗಳೂ ಅಯೂಬ್ ಖಾನರೂ ಒಪ್ಪಂದಕ್ಕೆ ಸಹಿ ಹಾಕಿದರು. ಇತ್ತ ದುದ್ದದಲ್ಲಿ ನಾವು ಎಂದಿನಂತೆ ನೀರು ಕುಡಿದು ಮಲಗಿದೆವು. ನಡುರಾತ್ರಿ ಕಳೆದು ಅಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಬೆಳಗ್ಗೆ ಸುದ್ದಿ ಬಂದಾಗ ಅಜ್ಜಿ ಮಂಗಳವಾರವೂ ಒಲೆ ಹಚ್ಚುವುದು ಬೇಡವೆಂದಳು. ಆದರೆ ಹಿಟ್ಟು ಅಳೆಯುವುದನ್ನು ಮರೆಯಲಿಲ್ಲ.

ಆ ದಿನದ ಪುಟದಲ್ಲಿ ತಂದೆಯವರು ‘ಶಾಸ್ತ್ರಿಗಳು ಹೋದರು’ ಎಂದು ಬರೆದು ಉಳಿದುದನ್ನು ಖಾಲಿ ಬಿಟ್ಟಿದ್ದಾರೆ. ಸೋಮವಾರಗಳು ಫೆಬ್ರವರಿಯಲ್ಲಿ ಒಂದೊಂದಾಗಿ ಸಡಿಲವಾದವು. ಮಾರ್ಚಿಯಲ್ಲಿ, ಯುಗಾದಿಯ ಹಿಂದಿನ ದಿನ, ‘ಹೂವು, 10 ಪೈಸೆ’ ಎಂಬ ಬಾಬು ಮತ್ತೆ ಕಾಣುತ್ತದೆ. ಅಮ್ಮನ ತವರಿನ ಬಸ್ಸಿನ ಹಣ ಕಾಣಿಸಿಕೊಳ್ಳುವುದು ಮೇ ತಿಂಗಳಲ್ಲಿ.