ಕಾರುಕರಿಗೊಂದು ಕಟ್ಟಳೆ

ಮನೆಯನ್ನು ಕಟ್ಟಿಸುವವನು, ಅಥವಾ ಹಳೆಯ ಮನೆಯ ಸೋರುವ ಮಾಡನ್ನು ಸರಿಪಡಿಸಹೊರಟವನು, ಆ ಕಾರ್ಯಕ್ಕೆ ಕೈಹಾಕುವುದು ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ. ಅವನೆದುರು ನಿಂತ ಮೇಸ್ತ್ರಿಯಾದರೋ ಅದನ್ನೇ ನಿತ್ಯವೃತ್ತಿಯಾಗಿ ಮಾಡಿಕೊಂಡವನು. ಗಾರೆಯಲ್ಲಿ ಸುಣ್ಣವೆಷ್ಟು, ಮರಳೆಷ್ಟು, ತೊಲೆಯ ಮರ ಬಲಿತದ್ದೋ ಎಳೆಯದೋ ಎಂಬುದನ್ನು ಒಬ್ಬನು ಬಲ್ಲನು, ಮತ್ತೊಬ್ಬನು ಅರಿಯನು. ಗಿಲಾವು ಬಿದ್ದ ಮೇಲೆ ಗೋಡೆಯ ಒಳದೋಷವು ಯಾರ ಕಣ್ಣಿಗೂ ಕಾಣದು. ಮುಂಗಡ ಪಡೆದು ಮುಖ ತೋರಿಸದವನ ಮನೆಬಾಗಿಲಿಗೆ ಅಲೆಯುವ ಗೃಹಸ್ಥನ ದೈನ್ಯವನ್ನು ಕಂಡವರು, ಇದನ್ನು ಕ್ಷುಲ್ಲಕವಾದ ಅಪರಾಧವೆಂದು ಎಂದಿಗೂ ಎಣಿಸಲಾರರು. ನಮ್ಮ ಪ್ರಾಚೀನ ರಾಜ್ಯಶಾಸ್ತ್ರಕಾರನೂ ಹಾಗೆ ಎಣಿಸಲಿಲ್ಲ.

ಆ ಶಾಸ್ತ್ರಕಾರನ ಮಾತು ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನಲ್ಲಿ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಗಳ ಕಟ್ಟೊಂದನ್ನು 1905ರಲ್ಲಿ ಪರಿಶೀಲಿಸುತ್ತ, ಕಾವೇರೀತೀರದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಮೂಲವನ್ನು ಮುದ್ರಿಸಿ, 1915ರಲ್ಲಿ ಸಂಪೂರ್ಣವಾದ ಇಂಗ್ಲಿಷ್ ಅನುವಾದವನ್ನು ಹೊರತಂದರು. ಷಾಡ್ಗುಣ್ಯವೆಂಬ ಪರರಾಜ್ಯನೀತಿ, ಗೂಢಚಾರರು, ಕೋಟೆಕೊತ್ತಲಗಳು, ಇವುಗಳ ವಿಷಯದಲ್ಲಿ ವಿದ್ವಾಂಸರು ಅಂದಿನಿಂದ ಬರೆದಿರುವುದು ಅಪಾರ. ಅಗಸನೂ ನೇಕಾರನೂ ಅಕ್ಕಸಾಲಿಗನೂ ಬರುವ ಅಧ್ಯಾಯವೊಂದು ಅದರಲ್ಲಿದೆಯೆಂಬುದನ್ನು ನೆನೆಯುವವರು ಮಾತ್ರ ವಿರಳ.

ಗ್ರಂಥದ ನಾಲ್ಕನೆಯ ಅಧಿಕರಣವಾದ ಕಂಟಕಶೋಧನವು ಪ್ರಜೆಗಳನ್ನು ಪೀಡಿಸುವವರ ನಿಗ್ರಹಕ್ಕೆ ಮೀಸಲಾದದ್ದು. ಮೂವರು ಪ್ರದೇಷ್ಟೃಗಳು, ಎಂದರೆ ದಂಡಾಧಿಕಾರಿಗಳು, ಅಥವಾ ಮೂವರು ಅಮಾತ್ಯರು ಒಟ್ಟಿಗೆ ಕುಳಿತು ಅದನ್ನು ನಡೆಸತಕ್ಕದ್ದೆಂದು ವಿಧಿಸಿದ ಕೂಡಲೆ ಕೌಟಿಲ್ಯನು ಎತ್ತಿಕೊಳ್ಳುವುದು ಕಾರುಕರ, ಎಂದರೆ ಕೈಕೆಲಸದವರ, ವಿಷಯವನ್ನು. ವರ್ತಕರು ಅವರ ಬಳಿಕ, ಬೆಂಕಿ ನೆರೆ ಕ್ಷಾಮಗಳು ಅದಕ್ಕೂ ಬಳಿಕ. ಈ ಅನುಕ್ರಮವು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಳ್ಳನೆಂಬ ಹೆಸರು ಹೊತ್ತವನಿಗೆ ಊರೇ ಎಚ್ಚರವಾಗಿರುತ್ತದೆ. ಆ ಹೆಸರಿಲ್ಲದೆ ಹಗಲಿನಲ್ಲಿ ಕರೆಸಿಕೊಂಡು ಮನೆಯೊಳಕ್ಕೆ ಬರುವವನಿಂದ ಪ್ರಜೆಗೆ ರಕ್ಷಣೆ ಒದಗಬೇಕಾದರೆ ಅದು ರಾಜನಿಂದಲೇ ಒದಗಬೇಕು.

ಗಾರೆಯವನನ್ನು ಅಲ್ಲಿ ಹೆಸರು ಹಿಡಿದು ಹೇಳಿಲ್ಲ. ಆದರೆ ಆರಂಭದ ಸಾಮಾನ್ಯ ವಿಧಿಗಳು ಕೈಕೆಲಸದವರೆಲ್ಲರಿಗೂ ಅನ್ವಯಿಸತಕ್ಕವು. ಗಿರಾಕಿಯ ವಸ್ತುವನ್ನು ಕೆಲಸಕ್ಕೆಂದು ಪಡೆಯುವವನು ನಷ್ಟವಾದರೆ ತುಂಬಿಕೊಡಲು ಶಕ್ತನಾಗಿರಬೇಕು, ಸ್ವಂತ ಬಂಡವಾಳವುಳ್ಳವನಾಗಿರಬೇಕು, ಅವನ ಶ್ರೇಣಿಯು, ಎಂದರೆ ವೃತ್ತಿಸಂಘವು, ಅವನನ್ನು ಒಪ್ಪಿರಬೇಕು. ಅವನಿಗೆ ವಿಪತ್ತು ಒದಗಿದರೆ ಆ ನಿಕ್ಷೇಪದ ಹೊಣೆಯನ್ನು ಶ್ರೇಣಿಯೇ ಹೊರಬೇಕು. ಈ ಸೂತ್ರದ ಅನ್ವಯದಲ್ಲಿ ವಿದ್ವಾಂಸರೊಳಗೆ ಮತಭೇದವುಂಟು. ನಾನು ಹೇಳಿದ ಅರ್ಥವೇ ಪ್ರಕರಣಕ್ಕೆ ಹೆಚ್ಚು ಹೊಂದುವುದೆಂದು ನನ್ನ ಅಭಿಪ್ರಾಯ. ಮುಂದಿನ ವಿಧಿಯಲ್ಲಿ ಸಂಶಯಕ್ಕೆ ಎಡೆಯಿಲ್ಲ: ಕಾಲ, ದೇಶ, ಕಾರ್ಯ, ಈ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡು ಕೆಲಸ ನಡೆಯತಕ್ಕದ್ದು. ಅವನ್ನು ಗೊತ್ತುಮಾಡಿರಲಿಲ್ಲವೆಂಬ ನೆವದಿಂದ ಕಾಲಹರಣ ಮಾಡಿದವನಿಗೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಮೇಲೆ ಕೂಲಿಯ ಇಮ್ಮಡಿ ದಂಡ. ಕೆಡಿಸಿದ್ದನ್ನೂ ಕಳೆದದ್ದನ್ನೂ ಅವನೇ ತುಂಬಿಕೊಡಬೇಕು. ಹೇಳಿದ್ದನ್ನು ಬಿಟ್ಟು ಬೇರೊಂದು ಬಗೆಯಲ್ಲಿ ಮಾಡಿದವನಿಗಂತೂ ಕೂಲಿಯೇ ಇಲ್ಲ, ದಂಡ ಮಾತ್ರ ಉಂಟು. ದೈವಿಕವಾದ ಆಪತ್ತಿನಿಂದ ಕೆಲಸ ನಿಂತರೆ ತಡಮಾಡಿದ್ದಕ್ಕೆ ಆ ದಂಡವಿಲ್ಲವೆಂಬ ವಿನಾಯಿತಿಯೂ ಜೊತೆಗಿದೆ. ಕಾರುಕರು ಒಟ್ಟುಗೂಡಿ ಬೇಕೆಂದೇ ಕೆಲಸದ ಗುಣವನ್ನು ಇಳಿಸಿದರೆ ಸಾವಿರ ಪಣ ದಂಡವೆಂದು ಮುಂದಿನ ಅಧ್ಯಾಯ ವಿಧಿಸುತ್ತದೆ. ಮೂರನೆಯ ಅಧಿಕರಣದಲ್ಲಿ, ಆಳಿಗೂ ಒಡೆಯನಿಗೂ ಆದ ಒಪ್ಪಂದವು ನೆರೆಹೊರೆಯವರಿಗೆ ತಿಳಿದಿರಬೇಕೆಂಬ ಮಾತೊಂದು ಬರುತ್ತದೆ. ನಾಲ್ಕು ಜನರ ಎದುರಿಗೆ ಆಡಿದ ಮಾತನ್ನು ನುಂಗಿಕೊಳ್ಳುವುದು ಕಷ್ಟವೆಂಬ ಲೋಕಾನುಭವವೇ ಅಲ್ಲಿ ಶಾಸನವಾಗಿದೆ.

ಕೌಟಿಲ್ಯನಿಗಿಂತ ಬಹು ಶತಮಾನಗಳ ಹಿಂದೆ ಬ್ಯಾಬಿಲೋನಿಯದ ಹಮ್ಮುರಾಬಿಯು, ಮನೆ ಕುಸಿದು ಯಜಮಾನನು ಸತ್ತರೆ ಕಟ್ಟಿದವನನ್ನು ಕೊಲ್ಲತಕ್ಕದ್ದೆಂದೂ, ಯಜಮಾನನ ಮಗನು ಸತ್ತರೆ ಕಟ್ಟಿದವನ ಮಗನನ್ನು ಕೊಲ್ಲತಕ್ಕದ್ದೆಂದೂ ಕಲ್ಲಿನಲ್ಲಿ ಕೊರೆಯಿಸಿದನು. ನಿರಪರಾಧಿಯಾದ ಬಾಲಕನ ಪ್ರಾಣವನ್ನು ಬೇಡುವ ಆ ನ್ಯಾಯವನ್ನು ಮನಸ್ಸು ಒಪ್ಪದು. ಅದೇ ಶಾಸನದಲ್ಲಿ, ವಾಲಿದ ಗೋಡೆಯನ್ನು ಕಟ್ಟಿದವನು ತನ್ನ ಹಣದಿಂದಲೇ ಭದ್ರಪಡಿಸಿಕೊಡಬೇಕೆಂಬ ವಿಧಿಯೂ ಇದೆ. ಗೃಹಸ್ಥನಿಗೆ ನಿಜವಾದ ಉಪಕಾರವಾಗುವುದು ಅದರಿಂದ.

ಕೌಟಿಲ್ಯನನ್ನು ನಾನು ವಿಶೇಷವಾಗಿ ಗೌರವಿಸುವುದು ಅವನ ಕಟ್ಟಳೆ ಎರಡು ಕಡೆಗೂ ಹರಿಯುವುದರಿಂದ. ಕೂಲಿಯನ್ನು ಕೊಡದ ಒಡೆಯನಿಗೆ ಅದರ ಹತ್ತನೆಯ ಒಂದು ಭಾಗ ಅಥವಾ ಆರು ಪಣ ದಂಡ; ಮಾತೇ ಆಗಿರಲಿಲ್ಲವೆಂದು ಸುಳ್ಳಾಡಿದರೆ ಅದು ಇನ್ನೂ ಹೆಚ್ಚು. ಕೂಲಿ ಇಷ್ಟೆಂದು ಗೊತ್ತಾಗದಿದ್ದಲ್ಲಿ ಕೆಲಸಕ್ಕೂ ಹಿಡಿದ ಕಾಲಕ್ಕೂ ತಕ್ಕಂತೆ ಸಲ್ಲಿಸಬೇಕು. ಮೌರ್ಯರ ಆಸ್ಥಾನದಲ್ಲಿದ್ದ ಮೆಗಸ್ತನೀಸನ ವರದಿಯಂತೆ, ಕಾರುಕನ ಕೈಯನ್ನೋ ಕಣ್ಣನ್ನೋ ಕೆಡಿಸಿದವನಿಗೆ ಮರಣದಂಡನೆಯಾಗುತ್ತಿತ್ತು. ಒಳ್ಳೆಯ ಕೆಲಸಗಾರನಿಗೆ ಮಾನವೂ ಅನ್ನವೂ ದೊರೆಯದ ನಾಡಿನಲ್ಲಿ ವಂಚಕನೇ ಬೆಳೆಯುವನು.

ನಮ್ಮ ನಾಡಿನಲ್ಲಿ ಆ ಮಾನಕ್ಕೆ ಕೊರತೆಯಾಗಲಿಲ್ಲವೆಂಬುದಕ್ಕೆ ಕಲ್ಲುಗಳೇ ಸಾಕ್ಷಿ. ಎಂಟನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯದ ಶಾಸನಗಳು ಅನಿವಾರಿತಾಚಾರಿ ಗುಂಡನನ್ನು ಬಿರುದಿನೊಡನೆ ಸ್ಮರಿಸಿ, ಸರ್ವಸಿದ್ಧಿ ಆಚಾರಿಯನ್ನು ವಾಸ್ತು, ಪ್ರಾಸಾದ, ಆಸನ, ಶಯನಗಳ ನಿರ್ಮಾಣದಲ್ಲಿ ನಿಪುಣನೆಂದು ಕೊಂಡಾಡುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ತಾವೇ ಕೊರೆದರು. ಅದನ್ನು ಕೀರ್ತಿಕಾಮನೆ ಎನ್ನುವವರುಂಟು. ದೋಷ ಕಂಡರೆ ಯಾರನ್ನು ಕೇಳಬೇಕೆಂಬುದನ್ನು ಕೂಡ ಆ ಅಕ್ಷರಗಳು ತಿಳಿಸುತ್ತಿದ್ದುವೆಂದು ನಾನು ಭಾವಿಸುತ್ತೇನೆ. ಮುಂಗಡದೊಡನೆ ಮರೆಯಾಗಬಯಸುವವನು ತನ್ನ ಊರನ್ನೂ ಹೆಸರನ್ನೂ ಕಲ್ಲಿಗೆ ಒಪ್ಪಿಸಲಾರನು.