ರಿಯಲ್ ಎಸ್ಟೇಟ್ ಏಜೆಂಟ್ ನೋಂದಣಿ (ಕರ್ನಾಟಕ)

ಬೇರೆಯವರ ನಿವೇಶನ, ಮನೆ, ಫ್ಲ್ಯಾಟುಗಳನ್ನು ಕಮಿಷನ್ ಪಡೆದು ಮಾರಿಸುವವರು ಸರ್ಕಾರದಿಂದ ಪಡೆಯಬೇಕಾದ ಅನುಮತಿ. ಜನ ಇದನ್ನು ಲೈಸೆನ್ಸ್ ಎನ್ನುತ್ತಾರೆ. ಕಾನೂನಿನಲ್ಲಿ ಇದರ ಹೆಸರು ನೋಂದಣಿ. ಇದಕ್ಕೆ ಆಧಾರ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ. ಕಾಯ್ದೆಯ ಕೆಲವು ಭಾಗ 2016ರ ಮೇ 1ರಂದು, ಏಜೆಂಟರಿಗೆ ಸಂಬಂಧಿಸಿದ್ದೂ ಸೇರಿ ಉಳಿದದ್ದು 2017ರ ಮೇ 1ರಂದು ಜಾರಿಗೆ ಬಂತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ನೋಂದಣಿ ಮಾಡಿಕೊಡುವುದು ಬೆಂಗಳೂರಿನಲ್ಲಿ ಕಚೇರಿ ಇರುವ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾ.

ದಲ್ಲಾಳಿ, ಬ್ರೋಕರ್, ಮಧ್ಯಸ್ಥ ಎಂದು ಯಾವ ಹೆಸರಿನಿಂದ ಕರೆದರೂ, ಕೊಳ್ಳುವವರನ್ನೂ ಮಾರುವವರನ್ನೂ ಭೇಟಿ ಮಾಡಿಸಿ ಅದಕ್ಕೆ ಹಣ ಪಡೆಯುವವರೆಲ್ಲ ಈ ಕಾಯ್ದೆಯ ಪ್ರಕಾರ ಏಜೆಂಟರೇ. ಆದರೆ ಅವರೆಲ್ಲರಿಗೂ ನೋಂದಣಿ ಕಡ್ಡಾಯವಲ್ಲ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಿನಲ್ಲಿ ಈ ಕೆಲಸ ಹಿಡಿಯುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ನೋಂದಣಿ ಬೇಕಾಗುವುದು ರೇರಾದಲ್ಲಿ ದಾಖಲಾಗಬೇಕಾದ ಬಡಾವಣೆ ಅಥವಾ ಕಟ್ಟಡ ಯೋಜನೆಯ ಸ್ವತ್ತನ್ನು ಮಾರಿಸುವವರಿಗೆ. ಅಡಿಕೆ ಸೀಮೆಯಾದ ಈ ತಾಲ್ಲೂಕಿನಲ್ಲಿ ದಲ್ಲಾಳಿಗಳ ಕೈಯಲ್ಲಿ ಓಡಾಡುವುದು ಹೆಚ್ಚಾಗಿ ತೋಟ ಮತ್ತು ಗದ್ದೆಯ ವ್ಯವಹಾರ. ಎರಡೆಕರೆ ಅಡಿಕೆ ತೋಟವನ್ನು ತೋಟವಾಗಿಯೇ ಮಾರಿಸಿ ಕಮಿಷನ್ ಪಡೆದವರಿಗೆ ರೇರಾ ಅನ್ವಯಿಸುವುದಿಲ್ಲ. ಊರೊಳಗಿನ ಹಳೆ ಮನೆಯೊಂದನ್ನು ಕೈ ಬದಲಿಸಿಕೊಟ್ಟವರಿಗೂ ಇಲ್ಲ.

ಅದೇ ಜಮೀನು ಭೂಪರಿವರ್ತನೆಯಾಗಿ ಸೈಟುಗಳಾದರೆ ಲೆಕ್ಕ ಬದಲಾಗುತ್ತದೆ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಮಾಡಿದ ಬಡಾವಣೆಯನ್ನು ರೇರಾದಲ್ಲಿ ದಾಖಲಿಸದೆ ಮಾರುವಂತಿಲ್ಲ, ಜಾಹೀರಾತು ಕೂಡ ಕೊಡುವಂತಿಲ್ಲ. ನಮ್ಮ ಅಳತೆಯಲ್ಲಿ 500 ಚದರ ಮೀಟರ್ ಎಂದರೆ ಐದು ಗುಂಟೆಗೆ ತುಸು ಕಡಿಮೆ. ಮೂವತ್ತು-ನಲವತ್ತರ ನಾಲ್ಕು ಸೈಟು ಮಾಡಿ ನಡುವೆ ರಸ್ತೆ ಬಿಟ್ಟರೆ ಮುಗಿಯಿತು, ಮಿತಿ ದಾಟಿದಂತೆಯೇ. ಯೋಜನಾ ಪ್ರದೇಶದ ಆಚೆಗಿನ ಬಡಾವಣೆಯನ್ನೂ ಕೊಳ್ಳುವವರ ಹಿತಕ್ಕಾಗಿ ದಾಖಲಿಸಿಕೊಳ್ಳುವಂತೆ ಆದೇಶಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಹಾಗಾಗಿ ನಲ್ಲೂರಿನ ದಲ್ಲಾಳಿ ಸ್ವಂತ ಊರಿನ ತೋಟ ಬಿಟ್ಟು ದಾವಣಗೆರೆಯ ಲೇಔಟಿನ ಸೈಟು ತೋರಿಸಲು ಹೊರಟ ದಿನವೇ ಅವನಿಗೆ ನೋಂದಣಿ ಸಂಖ್ಯೆ ಬೇಕು.

ಅರ್ಜಿಯ ಕೆಲಸ ಅಷ್ಟೇನೂ ಕಷ್ಟದ್ದಲ್ಲ. ರೇರಾ ಜಾಲತಾಣದಲ್ಲಿ ಭಾವಚಿತ್ರ, ಪ್ಯಾನ್ ಕಾರ್ಡ್, ಕಚೇರಿ ವಿಳಾಸದ ದಾಖಲೆ ಹಾಗೂ ಹಿಂದಿನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಏರಿಸಬೇಕು. ರಿಟರ್ನ್ಸ್ ಸಲ್ಲಿಸುವಷ್ಟು ಆದಾಯ ಇರದಿದ್ದವರು ಆ ಬಗ್ಗೆ ಘೋಷಣೆ ಕೊಟ್ಟರೆ ಸಾಕು. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರ ವಿವರ, ಕರಾರುಪತ್ರ ಬೇಕು. ಭಾರ ಎನಿಸುವುದು ಶುಲ್ಕ. 2017ರ ನಿಯಮದಂತೆ ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ವರ್ಷಕ್ಕೆ ಎರಡೋ ಮೂರೋ ಸೈಟು ಕೊಡಿಸುವ ಹಳ್ಳಿಯ ದಲ್ಲಾಳಿಗೆ ಇದು ಸಣ್ಣ ಮೊತ್ತವಲ್ಲ. ನೋಂದಣಿ ಇಲ್ಲದೆಯೇ ವ್ಯಾಪಾರ ಕುದುರಿಸುವ ಚಾಳಿಗೆ ಒಂದು ಕಾರಣ ಇಲ್ಲಿದೆ. ಅರ್ಜಿಯಲ್ಲಿ ಕೊರತೆ ಕಂಡರೆ ಪ್ರಾಧಿಕಾರ ತಿಳಿಸಬೇಕು, ತಿರಸ್ಕರಿಸುವ ಮುನ್ನ ಅರ್ಜಿದಾರರ ಮಾತು ಕೇಳಬೇಕು. ಗೊತ್ತುಪಡಿಸಿದ ಅವಧಿಯಲ್ಲಿ ಯಾವ ಉತ್ತರವೂ ಬಾರದಿದ್ದರೆ ನೋಂದಣಿಯಾದಂತೆಯೇ ಎನ್ನುತ್ತದೆ ಕಾಯ್ದೆ. ನೋಂದಣಿ ಐದು ವರ್ಷ ಊರ್ಜಿತ, ಇಡೀ ರಾಜ್ಯಕ್ಕೆ ಒಂದೇ. ಚನ್ನಗಿರಿಯಲ್ಲಿ ಕುಳಿತವರು ಬೆಂಗಳೂರಿನ ಫ್ಲ್ಯಾಟನ್ನೂ ಮಾರಿಸಬಹುದು. ಮಹಾರಾಷ್ಟ್ರದಲ್ಲಿ ಮಾರಿಸಬೇಕೆಂದರೆ ಅಲ್ಲಿಯ ಪ್ರಾಧಿಕಾರಕ್ಕೆ ಬೇರೆ ಅರ್ಜಿ ಹಾಕಬೇಕು.

ಪರೀಕ್ಷೆ ಇಲ್ಲ, ವಿದ್ಯಾರ್ಹತೆ ಇಲ್ಲ. ಕೇಂದ್ರದ ಕಾಯ್ದೆಯಾಗಲಿ ಕರ್ನಾಟಕದ 2017ರ ನಿಯಮಗಳಾಗಲಿ ಎರಡನ್ನೂ ಕೇಳುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 135 ಗಂಟೆಗಳ ಪಾಠ ಮುಗಿಸಿ ಪರೀಕ್ಷೆ ಪಾಸಾಗದೆ ಈ ವೃತ್ತಿಗೆ ಇಳಿಯುವಂತಿಲ್ಲ. ಮಹಾರಾಷ್ಟ್ರವೂ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪ್ರಮಾಣಪತ್ರ ಪರೀಕ್ಷೆಯನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಪಹಣಿ ಓದಲು ಬಾರದವರೂ ಕಾನೂನುಬದ್ಧ ಏಜೆಂಟರಾಗಬಹುದಾದ ವ್ಯವಸ್ಥೆ ಕೊಳ್ಳುವವರಿಗೆ ಅನುಕೂಲದ್ದಲ್ಲ. ಇನ್ನೊಂದು ಗೊಂದಲವೂ ಉಂಟು: ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಕ್ರಯಪತ್ರ ಬರೆದುಕೊಡುವ ಪತ್ರ ಬರಹಗಾರರ ಲೈಸೆನ್ಸೇ ಬೇರೆ. ಅದನ್ನು ಕೊಡುವುದು ನೋಂದಣಿ ಇಲಾಖೆ. ಅದು ಇದ್ದ ಮಾತ್ರಕ್ಕೆ ಸೈಟು ಮಾರಿಸುವ ಹಕ್ಕು ಬರುವುದಿಲ್ಲ.

ನೋಂದಣಿಯಾದ ಏಜೆಂಟ್ ದಾಖಲಾಗದ ಯೋಜನೆಯ ಸೈಟನ್ನು ಮುಟ್ಟುವಂತಿಲ್ಲ. ಲೆಕ್ಕಪುಸ್ತಕ ಇಡಬೇಕು, ಇಲ್ಲದ ಸೌಲಭ್ಯ ಇದೆ ಎಂದು ಹೇಳಬಾರದು, ಬುಕಿಂಗ್ ಹೊತ್ತಿನಲ್ಲೇ ಯೋಜನೆಯ ಕಾಗದಪತ್ರಗಳು ಕೊಳ್ಳುವವರ ಕೈ ಸೇರುವಂತೆ ನೋಡಿಕೊಳ್ಳಬೇಕು. ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ಪಡೆಯಲು ಲೇಔಟ್ ಮಾಡಿದವರಿಗೆ ಅವಕಾಶವಿಲ್ಲ. ಅವರ ಪರವಾಗಿ ಓಡಾಡುವವರು ಇದನ್ನು ತಿಳಿದಿರಬೇಕು. ನೋಂದಣಿ ಇಲ್ಲದೆ ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ, ಮಾರಿಸಿದ ಸ್ವತ್ತಿನ ಬೆಲೆಯ ಶೇ 5ರವರೆಗೆ. ಎಂಟು ಲಕ್ಷದ ಸೈಟಾದರೆ ನಾಲ್ಕೇ ದಿನಕ್ಕೆ 40,000, ಅಂದರೆ ಐದು ವರ್ಷದ ಶುಲ್ಕಕ್ಕಿಂತ ಹೆಚ್ಚು.

ಕಮಿಷನ್ ಎಷ್ಟೆಂದು ಕಾಯ್ದೆ ನಿಗದಿ ಮಾಡಿಲ್ಲ. ಅದು ಮಾತಿನ ಮೇಲೆ ನಡೆಯುವ ವ್ಯವಹಾರ. ಬರಹದಲ್ಲಿ ಇಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ವರ್ಷದ ಸಂಪಾದನೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು, ಕಮಿಷನ್ ಮೇಲಿನ ತೆರಿಗೆ ಶೇ 18.

ರೇರಾ ಕೇಳದ ವಿದ್ಯೆಯನ್ನು ಊರು ಕೇಳುತ್ತದೆ. ತೋಟ ಕೊಡಿಸುವವರು ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸೊಸೈಟಿಯ ಇಲ್ಲವೆ ಬ್ಯಾಂಕಿನ ಸಾಲ ಕೂತಿದೆಯೇ ಎಂದು ನೋಡಬೇಕು. ಅಣ್ಣತಮ್ಮಂದಿರ ಭಾಗವಾಗದ ಜಂಟಿ ಖಾತೆಯಲ್ಲಿ ಒಬ್ಬರ ಸಹಿ ನಂಬಿ ಮುಂಗಡ ಕೊಡಿಸಬಾರದು. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಇಲ್ಲದೆ ಕ್ರಯಪತ್ರ ಆಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಪರಭಾರೆ ನಿಷೇಧ ಕಾಯ್ದೆಯಡಿ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯ ನಂತರ ಅಂಥ ಜಮೀನು ವಾಪಸು ಕೇಳಲು ಕಾಲಮಿತಿಯೂ ಇಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ತಡೆ ಮಾತ್ರ 2020ರ ತಿದ್ದುಪಡಿಯಲ್ಲಿ ಹೋಗಿದೆ.

ಏಜೆಂಟರ ನೋಂದಣಿ ಸಂಖ್ಯೆಯ ನಡುವೆ ‘ಎಜಿ’ ಎಂಬ ಅಕ್ಷರಗಳಿರುತ್ತವೆ, ಯೋಜನೆಯದ್ದಾದರೆ ‘ಪಿಆರ್’. ಜಾಹೀರಾತಿನಲ್ಲಿ ಲೇಔಟಿನ ಸಂಖ್ಯೆಯನ್ನೇ ತೋರಿಸಿ ತಮ್ಮದೆನ್ನುವವರಿದ್ದರೆ ಈ ಎರಡಕ್ಷರ ಸಾಕು ಗುರುತಿಸಲು. ಎರಡೂ ಸಂಖ್ಯೆಗಳನ್ನು ರೇರಾ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ನೋಂದಾಯಿತ ಲೇಔಟಿನ ಸೈಟಿನಲ್ಲಿ ಏಜೆಂಟ್ ಮೋಸ ಮಾಡಿದರೆ ಅಲ್ಲೇ ದೂರನ್ನೂ ಕೊಡಬಹುದು. ತೋಟದ ವ್ಯಾಪಾರದಲ್ಲಿ ದಲ್ಲಾಳಿ ಕೈಕೊಟ್ಟರೆ ಪೊಲೀಸ್ ಠಾಣೆ ಇಲ್ಲವೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಆ ತಕರಾರು ರೇರಾ ವ್ಯಾಪ್ತಿಗೆ ಬರುವುದಿಲ್ಲ.